ಹೊಲ ಉಳಿಸೋ ಕಾನೂನೇ ಕಾಡನ್ನೂ ಉಳಿಸುತ್ತೆ: ಹವಾಯಿಯ ಶಾಸಕರಿಂದ ನಾವು ಕಲಿಯಬೇಕಾದ್ದು

ತೆಂಗಿನ ತೋಟ ಇರುವವರಿಗೆ ರೈನೋಸರಸ್ ದುಂಬಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಸುಳಿ ಕೊರೆದು ಹೋಗುತ್ತೆ, ಆಮೇಲೆ ಗರಿ ಬಿಚ್ಚಿದಾಗ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಾಣುತ್ತೆ. ತಿಪ್ಪೆಗುಂಡಿ ಕೆದಕಿದರೆ ಅದರ ಬಿಳಿ ಮರಿಹುಳು ಸಿಗದ ಊರು ನಮ್ಮಲ್ಲಿ ಕಡಿಮೆ. ಅದರ ಜೊತೆ ಹೇಗೆ ಬದುಕಬೇಕು ಅನ್ನೋದು ನಮ್ಮ ಅಜ್ಜಂದಿರಿಗೇ ಗೊತ್ತಿತ್ತು.

ಅದೇ ದುಂಬಿ 2013ರ ಕೊನೆಯಲ್ಲಿ ಹವಾಯಿಯ ಒವಾಹು ದ್ವೀಪದಲ್ಲಿ ಮೊದಲ ಸಲ ಸಿಕ್ಕಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಕೌವಾಯಿ, ಮಾವಿ ಮತ್ತು ಹವಾಯಿ ದೊಡ್ಡ ದ್ವೀಪದಲ್ಲೂ ಕಾಣಿಸಿಕೊಂಡಿತು. ಅಲ್ಲಿ ಅದು ತೆಂಗನ್ನು ಮಾತ್ರ ಕೊರೆಯುತ್ತಿಲ್ಲ. ಲೌಲು ಅಂತ ಅಲ್ಲಿನ ಕಾಡಿನ ಮೂಲ ತಾಳೆ ಜಾತಿಯ ಮರಗಳಿವೆ, ಅವನ್ನೂ ಕೊರೆಯುತ್ತಿದೆ. ತೆಂಗು ತೋಟದವನದ್ದು, ಲೌಲು ಅರಣ್ಯ ಇಲಾಖೆಯದ್ದು ಅಂತ ದುಂಬಿಗೇನು ಗೊತ್ತು?

ಆದರೆ ನಾವು ಮಾತ್ರ ಹಾಗೆ ಭಾಗ ಮಾಡಿಕೊಂಡಿದ್ದೇವೆ. ಬೆಳೆ ಅಂದರೆ ಕೃಷಿ ಇಲಾಖೆ, ಕಾಡು ಅಂದರೆ ಅರಣ್ಯ ಇಲಾಖೆ, ನಡುವೆ ಬೇಲಿ. ರೈತನಾದವನು ವನ್ಯಜೀವಿ ಕಾನೂನು ಅಂದ ಕೂಡಲೇ ಮುಖ ಸಿಂಡರಿಸುತ್ತಾನೆ. ಅದಕ್ಕೆ ಕಾರಣಗಳೂ ಇವೆ, ಇಲ್ಲ ಅನ್ನಲ್ಲ. ಆದರೂ ಹೊರಗಿನಿಂದ ಬರುವ ಕೀಟ, ಕಳೆ, ರೋಗದ ವಿಷಯದಲ್ಲಿ ರೈತನೂ ಕಾಡಿನ ಹಕ್ಕಿಯೂ ಒಂದೇ ಕಡೆ ನಿಂತಿದ್ದಾರೆ ಅನ್ನೋದು ನನ್ನ ಅಭಿಪ್ರಾಯ. ಇದನ್ನು ಹವಾಯಿ ರಾಜ್ಯ ತಡವಾಗಿ, ತುಂಬಾ ಬೆಲೆ ತೆತ್ತು ಕಲಿತಿದೆ. ಅಲ್ಲಿನ ಶಾಸಕರು ಇದಕ್ಕೆ ಏನು ಮಾಡಿದ್ದಾರೆ, ಎಲ್ಲಿ ಎಡವಿದ್ದಾರೆ ಅನ್ನೋದು ನಮಗೂ ಉಪಯೋಗಕ್ಕೆ ಬರುವ ಪಾಠ.

ಮೊದಲು ಆ ನೆಲದ ಕಥೆ

ಹವಾಯಿ ಪೆಸಿಫಿಕ್ ಸಾಗರದ ಮಧ್ಯದ ದ್ವೀಪಗಳ ಗುಂಪು. ಹತ್ತಿರದ ಖಂಡ ಅಂದರೂ ಸುಮಾರು 3,800 ಕಿ.ಮೀ. ದೂರ. ಮನುಷ್ಯ ಹೋಗುವ ಮೊದಲು ಅಲ್ಲಿ ಇಲಿ ಇರಲಿಲ್ಲ, ಹಾವು ಇರಲಿಲ್ಲ, ಕಪ್ಪೆ ಇರಲಿಲ್ಲ, ಇರುವೆ ಇರಲಿಲ್ಲ, ಸೊಳ್ಳೆ ಕೂಡ ಇರಲಿಲ್ಲ. ನೆಲದ ಮೇಲಿನ ಸಸ್ತನಿ ಅಂದರೆ ಒಂದು ಬಾವಲಿ ಮಾತ್ರ. ಮೊಟ್ಟೆ ಕದಿಯುವ ಪ್ರಾಣಿ ಇಲ್ಲದ ಕಡೆ ಹಕ್ಕಿಗೆ ಹೆದರಿಕೆ ಯಾಕೆ? ನೆನೆ ಅನ್ನೋ ಅಲ್ಲಿನ ಬಾತು ನೆಲದ ಮೇಲೇ ಗೂಡು ಮಾಡುತ್ತೆ.

ಅಂಥ ಜಾಗಕ್ಕೆ 1883ರಲ್ಲಿ ಕಬ್ಬಿನ ತೋಟದ ಮಾಲೀಕರು ಮುಂಗುಸಿ ತಂದರು. ಕಬ್ಬಿನ ಗದ್ದೆಯಲ್ಲಿ ಇಲಿ ಕಾಟ ಜಾಸ್ತಿ ಆಗಿತ್ತು. ಜಮೈಕಾದಲ್ಲಿ ಮುಂಗುಸಿ ಬಿಟ್ಟಿದ್ದಾರಂತೆ, ಒಳ್ಳೆ ಕೆಲಸ ಮಾಡುತ್ತಂತೆ ಅಂತ ಸುದ್ದಿ ಬಂತು, ಹಡಗಿನಲ್ಲಿ ತರಿಸಿ ಹಮಾಕುವಾ ಕರಾವಳಿಯಲ್ಲಿ ಬಿಟ್ಟರು. ಜಮೈಕಾಕ್ಕೆ ಅವು ಹೋಗಿದ್ದು ಕಲ್ಕತ್ತಾದಿಂದ, ಅಂದರೆ ಮೂಲ ನಮ್ಮ ದೇಶದ್ದೇ. ಇಲಿ ಓಡಾಡೋದು ಹೆಚ್ಚಾಗಿ ರಾತ್ರಿ, ಮುಂಗುಸಿ ಬೇಟೆಯಾಡೋದು ಹಗಲು. ಇಲಿ ಉಳಿಯಿತು, ಹಕ್ಕಿ ಮೊಟ್ಟೆ ಹೋಯಿತು. ಬೇಟೆ, ಮುಂಗುಸಿ, ನಾಯಿ, ಬೆಕ್ಕು ಎಲ್ಲ ಸೇರಿ 1950ರ ಹೊತ್ತಿಗೆ ಕಾಡಿನಲ್ಲಿ ನೆನೆ ಸುಮಾರು 30ಕ್ಕೆ ಇಳಿದಿತ್ತು. ಆಮೇಲೆ ಸಾಕಿ, ಮರಿ ಮಾಡಿಸಿ, ಬಿಟ್ಟು, ಕಾದು, ಈಗ ಸಾವಿರಗಳ ಲೆಕ್ಕಕ್ಕೆ ಬಂದಿದೆ. ಮುಂಗುಸಿ ನೆಲೆ ಊರದ ಕೌವಾಯಿ ದ್ವೀಪದಲ್ಲೇ ಅದು ಚೆನ್ನಾಗಿ ಬೆಳೆದಿದೆ ಅನ್ನೋದನ್ನು ಗಮನಿಸಿ.

ನಮ್ಮ ಗೊರವಂಕವೂ ಅಲ್ಲಿದೆ. 1865ರಲ್ಲಿ ಸೈನಿಕ ಹುಳು ತಿನ್ನಲಿ ಅಂತ ಭಾರತದಿಂದ ತಂದಿದ್ದು. ಅದು ಹುಳು ತಿಂದಿತು, ಜೊತೆಗೆ ಲಂಟಾನ ಹಣ್ಣು ತಿಂದು ಬೀಜವನ್ನು ಊರೆಲ್ಲ ಹರಡಿತು.

ಮಲೆನಾಡು, ಕೊಡಗಿನ ಕಡೆಯವರಿಗೆ ಆಫ್ರಿಕನ್ ಬಸವನಹುಳು ಗೊತ್ತಲ್ಲ? ಅದು 1936ರಲ್ಲಿ ಹವಾಯಿಗೆ ಹೋಯಿತು. ಅದನ್ನು ತಿನ್ನಲಿ ಅಂತ 1955ರಲ್ಲಿ ಫ್ಲಾರಿಡಾದ ಇನ್ನೊಂದು ಬೇಟೆಗಾರ ಬಸವನಹುಳು ತಂದು ಬಿಟ್ಟರು. ಈ ಸಲ ಬಿಟ್ಟವರು ಖಾಸಗಿ ತೋಟದವರಲ್ಲ, ಸರ್ಕಾರದ ಕೃಷಿ ವಿಭಾಗದವರೇ. ಹೊಸದಾಗಿ ಬಂದಿದ್ದು ದೊಡ್ಡ ಹುಳುವನ್ನು ಬಿಟ್ಟು ಮರದ ಮೇಲಿರುವ ಪುಟ್ಟ ಪುಟ್ಟ ಬಣ್ಣದ ಬಸವನಹುಳುಗಳನ್ನು ಹುಡುಕಿ ತಿಂದಿತು. ಅವು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಜಾತಿಗಳು. ಅದರಲ್ಲಿ ಒಂದು ಜಾತಿಯ ಕೊನೆಯ ಹುಳು 2019ರ ಜನವರಿ 1ರಂದು ಪ್ರಯೋಗಾಲಯದ ಗಾಜಿನ ಪೆಟ್ಟಿಗೆಯಲ್ಲಿ ಸತ್ತಿತು. ಆಫ್ರಿಕನ್ ಬಸವನಹುಳು ಇವತ್ತಿಗೂ ಅಲ್ಲಿ ಆರಾಮಾಗಿದೆ.

ಇನ್ನು ಸೊಳ್ಳೆ. 1826ರಲ್ಲಿ ಒಂದು ಹಡಗಿನ ನೀರಿನ ಪೀಪಾಯಿಯಲ್ಲಿ ಬಂತು ಅಂತ ದಾಖಲೆ ಹೇಳುತ್ತೆ. ಆಮೇಲೆ ಹಕ್ಕಿ ಮಲೇರಿಯಾವೂ ಬಂತು. ಇಇವಿ ಅನ್ನೋ ಕೆಂಪು ಹಕ್ಕಿಗೆ ರೋಗದ ಸೊಳ್ಳೆ ಒಂದು ಸಲ ಕಚ್ಚಿದರೂ ಬದುಕೋದು ಅಪರೂಪ. ಆ ಗುಂಪಿನ ಹಕ್ಕಿಗಳಲ್ಲಿ ಒಂದು ಕಾಲಕ್ಕೆ 50ಕ್ಕೂ ಹೆಚ್ಚು ಜಾತಿ ಇದ್ದವು, ಈಗ ಉಳಿದಿರೋದು 17ರ ಆಸುಪಾಸು. 2023ರ ಅಕ್ಟೋಬರ್‌ನಲ್ಲಿ ಅಮೆರಿಕ ಸರ್ಕಾರ 21 ಜೀವಜಾತಿಗಳನ್ನು ನಿರ್ನಾಮ ಆದವು ಅಂತ ಪಟ್ಟಿಯಿಂದ ತೆಗೆಯಿತು. ಅದರಲ್ಲಿ 8 ಹವಾಯಿಯ ಹಕ್ಕಿಗಳು.

ಇಲ್ಲಿ ಹಳ್ಳ ತೋಡಿದವರು ಯಾರೂ ಕೆಟ್ಟವರಲ್ಲ. ಬೆಳೆ ಉಳಿಸಿಕೊಳ್ಳಬೇಕು ಅಂತ ಒದ್ದಾಡುತ್ತಿದ್ದ ಜನ, ನಮ್ಮ ಹಾಗೇ. ಅವರಿಗೆ ಅಡ್ಡ ಬಂದು "ಸ್ವಲ್ಪ ತಡೀರಿ, ಮೊದಲು ಪರೀಕ್ಷೆ ಆಗಲಿ" ಅನ್ನೋ ಕಾನೂನು ಇರಲಿಲ್ಲ ಅಷ್ಟೇ.

ಹೆಲಿಕಾಪ್ಟರಿನಲ್ಲಿ ಹೋದ ಚುಕ್ಕೆ ಜಿಂಕೆ

ಕಾನೂನಿನಲ್ಲಿ ಕಿಂಡಿ ಇದ್ದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಬಂಡೀಪುರ, ನಾಗರಹೊಳೆ ರಸ್ತೆ ಪಕ್ಕ ಕಾಣುವ ನಮ್ಮ ಚುಕ್ಕೆ ಜಿಂಕೆ 1860ರ ದಶಕದಲ್ಲಿ ಹವಾಯಿ ರಾಜನಿಗೆ ಉಡುಗೊರೆಯಾಗಿ ಹೋಯಿತು. ಅಲ್ಲಿ ಹುಲಿ ಇಲ್ಲ, ಚಿರತೆ ಇಲ್ಲ, ಸೀಳುನಾಯಿ ಇಲ್ಲ. ಮೊಲೊಕಾಯಿ, ಮಾವಿ ದ್ವೀಪಗಳಲ್ಲಿ ಹಿಂಡು ಹಿಂಡಾಗಿ ಬೆಳೆದು ತರಕಾರಿ ತೋಟ, ದನದ ಹುಲ್ಲುಗಾವಲು, ಕಾಡಿನ ಸಸಿ ಎಲ್ಲವನ್ನೂ ಮೇಯತೊಡಗಿತು.

ಹವಾಯಿ ದೊಡ್ಡ ದ್ವೀಪದಲ್ಲಿ ಮಾತ್ರ ಅದು ಇರಲಿಲ್ಲ. 2009ರಲ್ಲಿ ಬೇಟೆಯ ಆಸೆಗೆ ಕೆಲವರು ಮಾವಿಯಿಂದ ಜಿಂಕೆಗಳನ್ನು ಹೆಲಿಕಾಪ್ಟರಿನಲ್ಲಿ ಆ ದ್ವೀಪಕ್ಕೆ ಸಾಗಿಸಿದರು, ಬದಲಿಗೆ ಅಲ್ಲಿನ ಕಾಡುಕುರಿಗಳನ್ನು ತಂದರು. ಸಿಕ್ಕಿಬಿದ್ದಾಗ ನೋಡಿದರೆ, ಒಂದು ದ್ವೀಪದಿಂದ ಇನ್ನೊಂದಕ್ಕೆ ಕಾಡುಜಿಂಕೆ ಸಾಗಿಸಬಾರದು ಅಂತ ರಾಜ್ಯದಲ್ಲಿ ಸ್ಪಷ್ಟ ಕಾನೂನೇ ಇರಲಿಲ್ಲ! ಹೊರದೇಶದಿಂದ ತರೋದಕ್ಕೆ ನಿಯಮ ಇತ್ತು, ಒಳಗೊಳಗೇ ಸಾಗಿಸೋದಕ್ಕೆ ಇರಲಿಲ್ಲ. ಕೇಂದ್ರದ ಬೇರೆ ಕಾಯ್ದೆ ಹಿಡಿದು ಕೇಸು ಹಾಕಬೇಕಾಯಿತು. 2012ರಲ್ಲಿ ಶಾಸನಸಭೆ ಆ ಕಿಂಡಿ ಮುಚ್ಚಿತು: ಕಾಡುಜಿಂಕೆ ಇಟ್ಟುಕೊಳ್ಳೋದು, ದ್ವೀಪದಿಂದ ದ್ವೀಪಕ್ಕೆ ಸಾಗಿಸೋದು, ಬಿಡೋದು ಅಪರಾಧ. ಈ ಕಾನೂನಿಗೆ ಕಾಡಿನವರಷ್ಟೇ ದನ ಸಾಕುವವರೂ ಕಾದಿದ್ದರು. ರೈತನ ಬೇಲಿಯೂ ಕಾಡಿನ ಸಸಿಯೂ ಒಂದೇ ಕಾನೂನಿನಲ್ಲಿ ಉಳಿಯೋದು ಅಂದರೆ ಹೀಗೆ.

ಒಂದೇ ಮೇಜು, ಎರಡು ಕೆಲಸ

ಹವಾಯಿ ಶಾಸನಸಭೆಗೆ ಎರಡು ಮನೆ. ಸೆನೆಟ್‌ನಲ್ಲಿ 25 ಜನ, ಕೆಳಮನೆಯಲ್ಲಿ 51 ಜನ. ಸೆನೆಟ್‌ನಲ್ಲಿ ಕೃಷಿಗೂ ಪರಿಸರಕ್ಕೂ ಸೇರಿ ಒಂದೇ ಸಮಿತಿ ಇದೆ. ಅದರ ಅಧ್ಯಕ್ಷರಾಗಿ ಹಲವು ವರ್ಷ ಕೂತವರು ಮೈಕ್ ಗಬಾರ್ಡ್. ತುಳಸಿ ಗಬಾರ್ಡ್ ಹೆಸರು ನೀವು ಕೇಳಿರ್ತೀರಿ, ಇವರು ಆಕೆಯ ತಂದೆ. 2006ರಲ್ಲಿ ಸೆನೆಟ್‌ಗೆ ಆಯ್ಕೆಯಾದವರು. ಅವರ ಬೇರೆ ರಾಜಕೀಯ ನಿಲುವುಗಳ ಬಗ್ಗೆ ಅಲ್ಲಿ ಜಗಳ ಬಹಳ ಇದೆ, ಅದು ನನ್ನ ವಿಷಯವಲ್ಲ. ನಾನು ನೋಡುತ್ತಿರೋದು ಆ ಸಮಿತಿಯ ಕೆಲಸವನ್ನು.

ಅಲ್ಲಿ ಸಮಿತಿ ಅಧ್ಯಕ್ಷನ ಕೈಯಲ್ಲಿ ದೊಡ್ಡ ಅಧಿಕಾರ ಇದೆ. ಮಸೂದೆ ಯಾರೇ ಮಂಡಿಸಲಿ, ಅಧ್ಯಕ್ಷ ಅದನ್ನು ವಿಚಾರಣೆಗೆ ಹಾಕದಿದ್ದರೆ ಅದು ಅಲ್ಲೇ ಸಾಯುತ್ತೆ. ಯಾವ ಮಸೂದೆ ಯಾವ ಮೇಜಿನ ಮೇಲಿದೆ ಅನ್ನೋದು ಶಾಸನಸಭೆಯ ಜಾಲತಾಣದಲ್ಲಿ ಎಲ್ಲರಿಗೂ ಕಾಣುತ್ತೆ. ಕರಡು ಬದಲಾದ ಹಾಗೆಲ್ಲ ಹೊಸ ಕರಡೂ ಹಾಕುತ್ತಾರೆ. ಯಾರು ಬೇಕಾದರೂ ಪರವಾಗಿ ಅಥವಾ ವಿರೋಧವಾಗಿ ಲಿಖಿತ ಅಭಿಪ್ರಾಯ ಕಳಿಸಬಹುದು, ಅದೂ ಬಹಿರಂಗ. ಎರಡೆಕರೆ ಕಾಫಿ ಇರೋ ರೈತನ ಪತ್ರವೂ ದೊಡ್ಡ ಬೀಜ ಕಂಪನಿಯ ಪತ್ರವೂ ಒಂದೇ ಕಡತದಲ್ಲಿ ಇರುತ್ತೆ. ಇದು ನನಗೆ ತುಂಬಾ ಇಷ್ಟವಾದ ಸಂಗತಿ.

2018ರಲ್ಲಿ ಈ ಶಾಸನಸಭೆ ಎರಡು ಕಾನೂನು ಮಾಡಿತು. ಎರಡೂ ಇಡೀ ಅಮೆರಿಕದಲ್ಲಿ ಮೊದಲು.

ಒಂದು, ಕ್ಲೋರ್‌ಪೈರಿಫಾಸ್ ನಿಷೇಧ. ಗೆದ್ದಲಿಗೆ ನಾವು ಸುರಿಯುವ ಅದೇ ಔಷಧ. ಬೀಜ ಕಂಪನಿಗಳ ಹೊಲದಲ್ಲಿ ಹೊಡೆಯುವ ಔಷಧದ ಬಗ್ಗೆ ಕೌವಾಯಿ ಜಿಲ್ಲಾಡಳಿತ 2013ರಲ್ಲೇ ಒಂದು ನಿಯಮ ಮಾಡಿತ್ತು. ಔಷಧ ವಿಷಯದ ಅಧಿಕಾರ ರಾಜ್ಯದ್ದು, ಜಿಲ್ಲೆಗೆ ಇಲ್ಲ ಅಂತ 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಹಾಗಾಗಿ ಜನ ರಾಜ್ಯದ ಶಾಸಕರ ಬಾಗಿಲು ತಟ್ಟಿದರು. ಸ್ವತಃ ಸಾವಯವ ಆಹಾರದ ಅಂಗಡಿ ನಡೆಸುತ್ತಿದ್ದ ಸೆನೆಟರ್ ರಸೆಲ್ ರುಡರ್‌ಮನ್ ಮುಂಚೂಣಿಯಲ್ಲಿದ್ದರು. 2018ರ ಜೂನ್‌ನಲ್ಲಿ ರಾಜ್ಯಪಾಲ ಡೇವಿಡ್ ಇಗೆ ಸಹಿ ಹಾಕಿದರು. ಕಾನೂನು ಬಂದಿದ್ದು ಮುಖ್ಯವಾಗಿ ಮಕ್ಕಳ ಮೆದುಳಿನ ಆರೋಗ್ಯದ ಹೆಸರಿನಲ್ಲಿ. ಆದರೆ ಆ ಔಷಧ ಮೀನಿಗೆ, ಜೇನಿಗೆ, ಹಕ್ಕಿಗೆ ಎಷ್ಟು ವಿಷ ಅನ್ನೋದು ಡಬ್ಬಿ ಮೇಲೇ ಬರೆದಿರುತ್ತೆ. ಹೊಲದಲ್ಲಿ ನಿಂತರೆ ತೊರೆಯಲ್ಲೂ ನಿಂತ ಹಾಗೆ.

ಎರಡು, ಗಬಾರ್ಡ್ ಮಂಡಿಸಿದ ಸನ್‌ಸ್ಕ್ರೀನ್ ಮಸೂದೆ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಅನ್ನೋ ಎರಡು ರಾಸಾಯನಿಕ ಇರುವ ಸನ್‌ಸ್ಕ್ರೀನನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಇವು ಹವಳದ ಮರಿಗಳಿಗೆ ಹಾನಿ ಮಾಡುತ್ತವೆ ಅಂತ ಪ್ರಯೋಗಾಲಯದ ಅಧ್ಯಯನಗಳು ತೋರಿಸಿದ್ದವು. ಹವಳ ಕಲ್ಲಲ್ಲ, ಜೀವಿ. ಮೀನುಗಳಿಗೆ ಅದೇ ಮನೆ. 2018ರ ಜುಲೈ 3ರಂದು ಸಹಿ ಆಯಿತು, ಜಾರಿಗೆ ಬಂದಿದ್ದು 2021ರ ಜನವರಿ 1ರಿಂದ.

ಕಾನೂನು ಬರೆಯೋ ಕಲೆ ಅಂದರೆ ಇದು

ಈ ಕಾನೂನುಗಳನ್ನು ಓದಿದಾಗ ನನಗೆ ಹಿಡಿಸಿದ್ದು ಅವುಗಳ ಆದರ್ಶ ಅಲ್ಲ, ಲೆಕ್ಕಾಚಾರ. ಒಬ್ಬ ಬೆಳೆಗಾರನಾಗಿ ನಾನು ಮೂರು ವಿಷಯ ಗಮನಿಸಿದೆ.

ಮೊದಲನೆಯದು, ಹೆಸರು ಮತ್ತು ದಿನಾಂಕ. "ಹಾನಿಕಾರಕ ರಾಸಾಯನಿಕಗಳನ್ನು ನಿಯಂತ್ರಿಸಲಾಗುವುದು" ಅಂತ ತೇಲಿಸಿ ಬರೆದಿಲ್ಲ. ಯಾವ ವಸ್ತು, ಯಾವತ್ತಿನಿಂದ, ಅಷ್ಟೇ.

ಎರಡನೆಯದು, ರೈತನಿಗೆ ಕೊಟ್ಟ ಸಮಯ. ಕ್ಲೋರ್‌ಪೈರಿಫಾಸ್ ನಿಷೇಧ 2019ರ ಜನವರಿಯಿಂದ ಶುರುವಾದರೂ, ಬದಲಿ ಸಿಗದವರು ತಾತ್ಕಾಲಿಕ ಪರವಾನಗಿ ಪಡೆದು 2022ರ ಕೊನೆವರೆಗೆ ಬಳಸಬಹುದಿತ್ತು. ರೈತ ಸಂಘಟನೆಗಳಿಂದ ವಿರೋಧವೂ ಬಂದಿದ್ದ ಕಾನೂನು ಇದು. ನಿಜವಾಗಿ ಕಷ್ಟ ಇರುವವನಿಗೆ ದಾರಿ ಬಿಟ್ಟು, ಕೊನೆ ದಿನ ಮಾತ್ರ ಬದಲಿಸದೆ ಇಟ್ಟರು. ಶಾಲೆ ನಡೆಯುವ ಹೊತ್ತಿನಲ್ಲಿ ಶಾಲೆಯಿಂದ 100 ಅಡಿ ಒಳಗೆ ನಿರ್ಬಂಧಿತ ಔಷಧ ಹೊಡೆಯುವಂತಿಲ್ಲ, ಅಂಥ ಔಷಧ ಬಳಸಿದವರು ವರ್ಷಕ್ಕೊಮ್ಮೆ ಲೆಕ್ಕ ಕೊಡಬೇಕು ಅಂತಲೂ ಸೇರಿಸಿದರು.

ಮೂರನೆಯದು, ಗಂಟು ಎಲ್ಲಿ ಹಾಕಬೇಕು ಅನ್ನೋ ತಿಳಿವಳಿಕೆ. ಸಮುದ್ರದಲ್ಲಿ ಈಜುವ ಪ್ರವಾಸಿಯ ಮೈ ಮೂಸಿ ನೋಡೋಕಾಗಲ್ಲ. ಅಂಗಡಿ ಕಪಾಟು ನೋಡಬಹುದು. ಇದಕ್ಕೂ ಮೊದಲು, 2010ರಲ್ಲಿ, ಸೆನೆಟರ್ ಕ್ಲೇಟನ್ ಹೀ ಶಾರ್ಕ್ ರೆಕ್ಕೆ ಬಗ್ಗೆ ಇದೇ ದಾರಿ ಹಿಡಿದಿದ್ದರು. ಶಾರ್ಕಿನ ರೆಕ್ಕೆ ಕತ್ತರಿಸಿ ಮೈಯನ್ನು ಸಮುದ್ರಕ್ಕೆ ಎಸೆಯೋದು ನಡುಸಮುದ್ರದಲ್ಲಿ, ಅಲ್ಲಿ ಕಾಯೋರ‍್ಯಾರು? ಹಾಗಾಗಿ ರೆಕ್ಕೆ ಇಟ್ಟುಕೊಳ್ಳೋದು, ಮಾರೋದು, ಹಂಚೋದು ಇವನ್ನೇ ನಿಷೇಧಿಸಿದರು. ಮೊದಲ ತಪ್ಪಿಗೇ ದಂಡ 5,000ದಿಂದ 15,000 ಡಾಲರ್. ಹೋಟೆಲುಗಳಿಗೆ ಇದ್ದ ದಾಸ್ತಾನು ಮುಗಿಸಲು ಒಂದು ವರ್ಷ ಕೊಟ್ಟರು. ಆಮೇಲೆ ಒಂದೊಂದೇ ರಾಜ್ಯ ಅದೇ ದಾರಿ ಹಿಡಿಯಿತು, 2022ರ ಡಿಸೆಂಬರ್‌ನಲ್ಲಿ ಇಡೀ ಅಮೆರಿಕಕ್ಕೇ ರೆಕ್ಕೆ ಮಾರಾಟದ ನಿಷೇಧ ಬಂತು. ಒಬ್ಬ ರಾಜ್ಯ ಶಾಸಕನ ಒಂದು ಮಸೂದೆ ಹನ್ನೆರಡು ವರ್ಷದಲ್ಲಿ ಎಷ್ಟು ದೂರ ಹೋಗಬಹುದು ನೋಡಿ.

ಹಾಗಂತ ಎಲ್ಲ ಸರಿ ಇದೆ ಅನ್ನಲ್ಲ

ಸನ್‌ಸ್ಕ್ರೀನ್ ಕಾನೂನಿನ ಬಗ್ಗೆ ನನಗೊಂದು ತಕರಾರಿದೆ. ಹವಳ ಸಾಯೋದಕ್ಕೆ ದೊಡ್ಡ ಕಾರಣ ಸಮುದ್ರ ಬಿಸಿಯಾಗುತ್ತಿರೋದು. ಅದರ ಮೇಲೆ ತೋಟದ ಮಣ್ಣು, ಕೊಚ್ಚೆ ನೀರು ಹರಿದು ಬರೋದು. ಹವಾಯಿಯಲ್ಲಿ 80,000ಕ್ಕೂ ಹೆಚ್ಚು ಹಳೇ ಮಾದರಿಯ ಶೌಚಗುಂಡಿಗಳಿವೆ, ಅದರ ಹೊಲಸು ಸಂಸ್ಕರಣೆ ಇಲ್ಲದೆ ನೆಲದೊಳಗೆ ಇಳಿಯುತ್ತೆ. 2017ರಲ್ಲಿ ಇದಕ್ಕೂ ಕಾನೂನು ಬಂತು, ಆದರೆ ಗಡುವು 2050. ಅಂಗಡಿಯಲ್ಲಿ ಕ್ರೀಮ್ ಡಬ್ಬಿ ಬದಲಿಸೋದಕ್ಕೆ ಎರಡೂವರೆ ವರ್ಷ, ಗುಂಡಿ ಬದಲಿಸೋದಕ್ಕೆ ಮೂವತ್ತಮೂರು ವರ್ಷ. ಗುಂಡಿ ಬದಲಿಸೋಕೆ ಮನೆಯವನ ಜೇಬಿನಿಂದ ದುಡ್ಡು ಹೋಗಬೇಕು, ವೋಟು ಅವನದ್ದೇ. ಎಲ್ಲ ಊರಿನ ರಾಜಕೀಯವೂ ಒಂದೇ ಅನ್ನೋದು ಇಂಥ ಕಡೆ ಗೊತ್ತಾಗುತ್ತೆ.

ಇನ್ನೊಂದು ತಕರಾರು ಬಾಗಿಲು ಕಾಯುವವರ ಬಗ್ಗೆ. ಹವಾಯಿಯ ಆಮದು ನಿಯಮ ಕಾಗದದ ಮೇಲೆ ತುಂಬಾ ಗಟ್ಟಿ. ಅನುಮತಿ ಪಟ್ಟಿಯಲ್ಲಿ ಹೆಸರಿಲ್ಲದ ಪ್ರಾಣಿಯನ್ನು ತರುವಂತೆಯೇ ಇಲ್ಲ. ಹಾವಿನಂಥ ನಿಷೇಧಿತ ಪ್ರಾಣಿ ತಂದರೆ 2 ಲಕ್ಷ ಡಾಲರ್ ತನಕ ದಂಡ, 3 ವರ್ಷ ತನಕ ಜೈಲು. ಅದೇ ಹೊತ್ತಿಗೆ ಇಟ್ಟುಕೊಂಡವನು ತಾನಾಗಿ ತಂದು ಒಪ್ಪಿಸಿದರೆ ಕೇಸಿಲ್ಲ ಅನ್ನೋ ಬುದ್ಧಿವಂತಿಕೆಯೂ ಇದೆ. ಆದರೆ ತಪಾಸಣಾ ಸಿಬ್ಬಂದಿ ಸಾಲದು ಅನ್ನೋದು ಅಲ್ಲಿ ಹಳೇ ದೂರು. ಆಹಾರದಲ್ಲಿ ಶೇ. 85ಕ್ಕಿಂತ ಹೆಚ್ಚು ಹೊರಗಿನಿಂದಲೇ ಬರುವ ರಾಜ್ಯ ಅದು. ಎಷ್ಟು ಕಂಟೇನರ್ ತೆಗೆದು ನೋಡ್ತೀರಿ?

ಅದರ ಪರಿಣಾಮ ಬೆಳೆಗಾರನ ಮೇಲೆ. ಕಾಫಿ ಕಾಯಿಕೊರಕ ನಮ್ಮ ದೇಶಕ್ಕೆ 1990ರಲ್ಲಿ ಗೂಡಲೂರು ಕಡೆಯಿಂದ ಬಂತು. ಅದರ ಕಾಟ ಏನು ಅಂತ ನನ್ನಂಥ ಕಾಫಿ ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಹವಾಯಿಯ ಹೆಸರಾಂತ ಕೋನಾ ಕಾಫಿಗೆ ಅದು ತಗುಲಿದ್ದು 2010ರಲ್ಲಿ. ಇಪ್ಪತ್ತು ವರ್ಷ ಮುಂಚೆ ಬೇರೆ ದೇಶಗಳ ಕಥೆ ಕಣ್ಣೆದುರಿಗೇ ಇತ್ತು. 2014ರಲ್ಲಿ ಶಾಸನಸಭೆ ಬ್ಯೂವೇರಿಯಾ ಶಿಲೀಂಧ್ರದ ಔಷಧಕ್ಕೆ ರೈತರಿಗೆ ಸಹಾಯಧನ ಕೊಡೋ ಕಾನೂನು ಮಾಡಿತು. ಒಳ್ಳೇದೇ. ಆದರೆ ಅದು ಮನೆಯೊಳಗೆ ನೀರು ನುಗ್ಗಿದ ಮೇಲೆ ಬಕೆಟ್ ಹಂಚಿದ ಹಾಗೆ. 2020ರಲ್ಲಿ ಎಲೆ ತುಕ್ಕು ರೋಗವೂ ಬಂತು.

ಕೊನೆಗೆ 2025ರಲ್ಲಿ ಶಾಸನಸಭೆ ಕೃಷಿ ಇಲಾಖೆಯ ಹೆಸರನ್ನೇ "ಕೃಷಿ ಮತ್ತು ಜೈವಿಕ ಸುರಕ್ಷತಾ ಇಲಾಖೆ" ಅಂತ ಬದಲಿಸಿ, ಹೊರಗಿನ ಕೀಟ ತಡೆಯೋದನ್ನು ಅದರ ಮುಖ್ಯ ಕೆಲಸ ಮಾಡಿತು. ಹೆಸರು ಬದಲಿಸಿದರೆ ಕೀಟ ಹೆದರಲ್ಲ ಅನ್ನೋದು ನಿಜ. ಪ್ರತಿ ವರ್ಷದ ಬಜೆಟ್‌ನಲ್ಲಿ ಸಿಬ್ಬಂದಿಗೆ ದುಡ್ಡು ಬಂದರೆ ಮಾತ್ರ ಇದು ಕೆಲಸ ಮಾಡುತ್ತೆ. ಆದರೂ ಕಾಡಿನ ಹಕ್ಕಿಯನ್ನು ಕಾಯುವ ಕೆಲಸದ ದೊಡ್ಡ ಪಾಲು ಕೃಷಿ ಇಲಾಖೆಯದ್ದು ಅಂತ ಒಂದು ಸರ್ಕಾರ ಒಪ್ಪಿಕೊಂಡಿತಲ್ಲ, ಅದು ನನ್ನ ಲೆಕ್ಕದಲ್ಲಿ ದೊಡ್ಡ ವಿಷಯ.

ಜೈವಿಕ ನಿಯಂತ್ರಣ ಬೇಡವೇ ಹಾಗಾದರೆ?

ಮುಂಗುಸಿ ಕಥೆ ಹೇಳಿದ ಕೂಡಲೇ ಕೆಲವರು ಕೇಳ್ತಾರೆ, "ಹಾಗಾದರೆ ಪರಭಕ್ಷಕ ಕೀಟ ಬಿಡೋದೇ ತಪ್ಪಾ ಅಣ್ಣ?" ಅಂತ. ಅಲ್ಲ. ಸಾವಯವ ಕೃಷಿಕನಾಗಿ ನಾನೇ ಅದನ್ನು ನಂಬಿದವನು. ಪರೀಕ್ಷೆ ಮಾಡಿ ಬಿಡೋದಕ್ಕೂ ಕೇಳಿದ ಮಾತು ನಂಬಿ ಬಿಡೋದಕ್ಕೂ ವ್ಯತ್ಯಾಸ ಇದೆ.

ನಮ್ಮ ಮೆಣಸಿನ ಬಳ್ಳಿ ಹಬ್ಬಿಸುವ ಹಾಲವಾಣದ ಎಲೆ, ಚಿಗುರು 2000ರ ದಶಕದಲ್ಲಿ ಗಂಟು ಗಂಟಾಗಿ ಮರಗಳು ಒಣಗಿದ್ದು ಹಿರಿಯರಿಗೆ ನೆನಪಿರಬಹುದು. ಸಣ್ಣ ಕಣಜವೊಂದರ ಕೆಲಸ ಅದು. 2005ರಲ್ಲಿ ಅದೇ ಕಣಜ ಹವಾಯಿಗೆ ಹೋಗಿ, ಹಾಲವಾಣದ ಬಂಧುವಾದ ಅಲ್ಲಿನ ಕಾಡುಮರ ವಿಲಿವಿಲಿಯನ್ನು ಕೊಲ್ಲತೊಡಗಿತು. ಈ ಸಲ ಅವರು ಅವಸರ ಮಾಡಲಿಲ್ಲ. ಆಫ್ರಿಕಾದಿಂದ ಇನ್ನೊಂದು ಪರತಂತ್ರ ಕಣಜ ತಂದು, ಮುಚ್ಚಿದ ಪ್ರಯೋಗಾಲಯದಲ್ಲಿ ಇಟ್ಟು, ಬೇರೆ ಯಾವ ಕೀಟಕ್ಕೂ ಬಾಯಿ ಹಾಕುವುದಿಲ್ಲ ಅಂತ ಖಚಿತ ಮಾಡಿಕೊಂಡು, ಪರವಾನಗಿ ಪಡೆದು 2008ರಲ್ಲಿ ಬಿಟ್ಟರು. ವಿಲಿವಿಲಿ ಚಿಗುರಿತು. 1955ರ ಬಸವನಹುಳುವಿಗೂ 2008ರ ಕಣಜಕ್ಕೂ ನಡುವೆ ಇದ್ದದ್ದು ನಿಯಮ ಮತ್ತು ತಾಳ್ಮೆ. ಆ ಮೂರು ವರ್ಷ ಕಾಯುವಾಗ ಜನ ಬೈದಿರಲೂಬಹುದು. ಈಗ ಯಾರೂ ಬೈಯಲ್ಲ.

ನಮ್ಮ ಕಡೆಗೆ ಬರೋಣ

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಫಾಲ್ ಸೈನಿಕ ಹುಳು ಸಿಕ್ಕಿತು. ದೇಶದಲ್ಲಿ ಅದೇ ಮೊದಲ ವರದಿ. ಆಮೇಲೆ ಏನಾಯ್ತು ಅಂತ ನಿಮಗೇ ಗೊತ್ತು. ಹಾಗಾಗಿ ಹವಾಯಿ ಕಥೆ ದೂರದ್ದಲ್ಲ.

ನಮ್ಮ ಶಾಸಕರಿಗೆ ಇಲ್ಲಿ ಅಧಿಕಾರ ಇಲ್ಲವಾ? ಇದೆ. ಸಂವಿಧಾನದ ರಾಜ್ಯ ಪಟ್ಟಿಯ 14ನೇ ಬಾಬಿನಲ್ಲಿ ಕೃಷಿಯ ಜೊತೆಗೇ ಕೀಟಗಳಿಂದ ರಕ್ಷಣೆ, ಸಸ್ಯರೋಗ ತಡೆ ಎರಡೂ ಬರುತ್ತವೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಕೀಟ, ರೋಗ ಹರಡದಂತೆ ತಡೆಯೋದು ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ್ದು. ವಿದೇಶದಿಂದ ಬರುವ ಗಿಡ, ಬೀಜಕ್ಕೆ ಕೇಂದ್ರದ 2003ರ ಸಸ್ಯ ಸಂಪರ್ಕನಿಷೇಧ ಆದೇಶ ಇದೆ. ಔಷಧದ ವಿಷಯದಲ್ಲಿ ಮಾತ್ರ ನಮ್ಮ ರಾಜ್ಯದ ಕೈ ಸ್ವಲ್ಪ ಕಟ್ಟಿದೆ. 1968ರ ಕೀಟನಾಶಕ ಕಾಯ್ದೆಯ 27ನೇ ಕಲಂ ಪ್ರಕಾರ ರಾಜ್ಯ ಸರ್ಕಾರ ಒಂದು ಔಷಧದ ಮಾರಾಟವನ್ನು 60 ದಿನ ನಿಲ್ಲಿಸಬಹುದು, ಅದರ ಮೇಲೆ 30 ದಿನ, ಅಷ್ಟೇ. 2011ರ ಫೆಬ್ರವರಿಯಲ್ಲಿ ಕರ್ನಾಟಕ ಎಂಡೋಸಲ್ಫಾನ್ ನಿಲ್ಲಿಸಿದ್ದು ಹೀಗೇ, 60 ದಿನಕ್ಕೆ. ಪೂರ್ತಿ ನಿಂತಿದ್ದು ಆ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ಹವಾಯಿ ಶಾಸಕರು ಒಂದು ಅಧಿವೇಶನದಲ್ಲಿ ಮಾಡಿದ್ದನ್ನು ನಮ್ಮವರು ಬಯಸಿದರೂ ಮಾಡೋಕಾಗಲ್ಲ. ಈ ವ್ಯತ್ಯಾಸ ರೈತರಿಗೆ ಗೊತ್ತಿರಬೇಕು, ಇಲ್ಲದಿದ್ದರೆ ತಪ್ಪು ಬಾಗಿಲು ತಟ್ಟುತ್ತಾ ಕೂರುತ್ತೇವೆ.

ನಮ್ಮ ಕೈಯಲ್ಲಿ ಆಗುವ ಕೆಲವು ಕೆಲಸ ಹೇಳಿ ಮುಗಿಸ್ತೀನಿ.

ವಿದೇಶದಿಂದ ಬರುವ ನೆಂಟರ ಬ್ಯಾಗಿನಲ್ಲಿ ಡ್ರ್ಯಾಗನ್ ಫ್ರೂಟ್ ಕಡ್ಡಿ, ಬೆಣ್ಣೆಹಣ್ಣಿನ ಕುಡಿ, ಆರ್ಕಿಡ್ ತರಿಸಬೇಡಿ. ವಿಡಿಯೋದಲ್ಲಿ ಎಷ್ಟೇ ಚೆನ್ನಾಗಿ ಕಂಡರೂ ಬೇಡ. ಬೇಕಿದ್ದರೆ ಪರವಾನಗಿ ಇರುವ ನರ್ಸರಿಯಲ್ಲಿ ಬಿಲ್ಲು ಸಮೇತ ಕೊಳ್ಳಿ.

ಗೊಬ್ಬರ, ಮಣ್ಣು, ಸಸಿ ಬೇರೆ ಜಿಲ್ಲೆಯಿಂದ ಬಂದರೆ ತೋಟಕ್ಕೆ ಸುರಿಯುವ ಮೊದಲು ಕೆದಕಿ ನೋಡಿ. ಹವಾಯಿಯಲ್ಲಿ ರೈನೋಸರಸ್ ದುಂಬಿ ಹರಡಿದ್ದರಲ್ಲಿ ಕಾಂಪೋಸ್ಟ್, ಗಿಡಗಳ ಸಾಗಣೆಯದ್ದು ದೊಡ್ಡ ಪಾತ್ರ.

ತೋಟದಲ್ಲಿ ಹಿಂದೆ ನೋಡಿರದ ಹುಳು, ಬಸವನಹುಳು, ಕಳೆ ಕಂಡರೆ ವಾಟ್ಸಾಪ್ ಗುಂಪಿಗೆ ಹಾಕುವ ಮೊದಲು ಕೃಷಿ ವಿಜ್ಞಾನ ಕೇಂದ್ರಕ್ಕೆ ಫೋಟೋ ಕಳಿಸಿ. ಕೇಂದ್ರ ಸರ್ಕಾರ 2024ರಲ್ಲಿ ರಾಷ್ಟ್ರೀಯ ಕೀಟ ಕಣ್ಗಾವಲು ಆ್ಯಪ್ ಬಿಟ್ಟಿದೆ, ಅದರಲ್ಲೂ ಫೋಟೋ ಹಾಕಬಹುದು. ಫೋನು ನಿಮ್ಮ ಜೇಬಿನಲ್ಲೇ ಇದೆ.

ಕೊನೆಯದು, ನಿಮ್ಮ ಶಾಸಕರು ಊರಿಗೆ ಬಂದಾಗ ರಸ್ತೆ, ಟಿ.ಸಿ. ಕೇಳೋದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ. ಹೊಸ ಕೀಟ ಬಂದರೆ ನಮ್ಮ ಜಿಲ್ಲೆಯಲ್ಲಿ ಅದನ್ನು ಮೊದಲು ಗುರುತಿಸಬೇಕಾದ ಅಧಿಕಾರಿ ಯಾರು, ಆ ಹುದ್ದೆ ತುಂಬಿದೆಯೋ ಖಾಲಿ ಇದೆಯೋ? ಉತ್ತರ ಗೊತ್ತಿಲ್ಲದಿದ್ದರೆ ಅಧಿವೇಶನದಲ್ಲಿ ಚುಕ್ಕೆ ಪ್ರಶ್ನೆ ಹಾಕಿ ತಿಳಿದುಕೊಂಡು ಹೇಳಿ ಅಂತ ಬರಹದಲ್ಲಿ ಕೊಡಿ. ಹತ್ತು ಊರಿನ ಹುಡುಗರು ಇದೇ ಪ್ರಶ್ನೆ ಬರೆದುಕೊಟ್ಟರೆ ಒಬ್ಬರಾದರೂ ಸದನದಲ್ಲಿ ಕೇಳಿಯಾರು.